ಪದ್ಮಿನಿಯ ಸ್ಟಿಯರಿಂಗ್ ಲಿಂಕೇಜ್: ಮೂರು ಕಡೆಯ ಮಾಲು, ಒಂದು ಕಾರು

ಕಾರು: ಪ್ರೀಮಿಯರ್ ಪದ್ಮಿನಿ, ಪೆಟ್ರೋಲ್, 1089 ಸಿಸಿ, ಕಾಲಂ ಗೇರ್, ಕೆಎಲ್-14 ನೋಂದಣಿ.
ಜಾಗ: ಬದಿಯಡ್ಕದ ಹತ್ತಿರ, ಮನೆಯ ಶೆಡ್ಡು. ಸಿಮೆಂಟ್ ನೆಲ, ಮಟ್ಟ ನೋಡಿಕೊಂಡದ್ದು.
ದೂರು: ಸ್ಟಿಯರಿಂಗ್ ಚಕ್ರದ ಅಂಚಿನಲ್ಲಿ 55 ಮಿಮೀ ಪ್ಲೇ, ಅಂದರೆ ಮುಂಚಕ್ರಗಳಿಗೆ ತಾಗದೆ ಖಾಲಿ ತಿರುಗುವ ಸಡಿಲ. ವೇಗ 50 ದಾಟಿದರೆ ಕಾರು ಅತ್ತ ಇತ್ತ ಅಲೆಯುತ್ತದೆ. ಮುಂದಿನ ಎರಡೂ ಟೈರುಗಳ ಒಳಅಂಚು ಸವೆದಿದೆ.

ಸ್ಟಿಯರಿಂಗಿನ ತಿರುವನ್ನು ಮುಂಚಕ್ರಗಳಿಗೆ ಮುಟ್ಟಿಸುವ ಪದ್ಮಿನಿಯ ಲಿಂಕೇಜಿನಲ್ಲಿ ಇರುವುದು ಇಷ್ಟು: ಬಲಗಡೆ ವರ್ಮ್-ರೋಲರ್ ಸ್ಟಿಯರಿಂಗ್ ಬಾಕ್ಸ್, ಅದರ ಡ್ರಾಪ್ ಆರ್ಮ್, ಎಡಗಡೆ ಐಡ್ಲರ್ ಆರ್ಮ್, ಇವೆರಡನ್ನೂ ಜೋಡಿಸುವ ಸೆಂಟರ್ ರಾಡ್, ಅಲ್ಲಿಂದ ಒಂದೊಂದು ಚಕ್ರಕ್ಕೆ ಒಂದೊಂದು ಟೈ ರಾಡ್. ಸೆಂಟರ್ ರಾಡಿನ ಎರಡು ಕೀಲು, ಟೈ ರಾಡುಗಳ ನಾಲ್ಕು ಎಂಡ್, ಒಟ್ಟು ಆರು ಬಾಲ್ ಜಾಯಿಂಟ್. ಒಂದೊಂದರಲ್ಲೂ ಸ್ವಲ್ಪ ಸವೆತ ಇದ್ದರೆ ಅಷ್ಟೂ ಸೇರಿ ಸ್ಟಿಯರಿಂಗ್ ಚಕ್ರದಲ್ಲಿ ತೋರುತ್ತದೆ.

ಈ ಭಾಗಗಳನ್ನು ಈಗ ಒಂದೇ ಕಡೆಯಿಂದ ತರಿಸುವುದು ಕಷ್ಟ. 1964ರಲ್ಲಿ ಫಿಯೆಟ್ 1100 ಡಿಲೈಟ್ ಆಗಿ ಶುರುವಾಗಿ, 1974ರಿಂದ ಪದ್ಮಿನಿ ಎಂಬ ಹೆಸರಿನಲ್ಲಿ ಮುಂಬೈಯ ಕುರ್ಲಾದಲ್ಲಿ ತಯಾರಾದ ಕಾರು ಇದು. ತಯಾರಿ ನಿಂತು ಎರಡು ದಶಕ ದಾಟಿತು. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಗಳು ಓಡುತ್ತಿದ್ದಷ್ಟು ಕಾಲ ಟೈ ರಾಡ್ ಎಂಡಿಗೆ ಗಿರಾಕಿ ಇತ್ತು. 2023ರ ಅಕ್ಟೋಬರಿನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆ ಬಿಟ್ಟಿತು. ಈಗ ಸಿಗುವುದು ಹಳೇ ಸ್ಟಾಕ್ ಅಥವಾ ಸಣ್ಣ ಸಣ್ಣ ತಯಾರಕರ ಮಾಲು. ಡಬ್ಬದ ಮೇಲೆ ಎಲ್ಲದರಲ್ಲೂ ‘ಪದ್ಮಿನಿ’ ಎಂದೇ ಇರುತ್ತದೆ. ಒಳಗಿನ ಅಳತೆ ಮಾತ್ರ ಒಂದೇ ಅಲ್ಲ. ಆದ್ದರಿಂದ ಈ ಬರಹದ ಅರ್ಧ ಭಾಗ ಸ್ಪ್ಯಾನರಿಗಿಂತ ಹೆಚ್ಚು ವರ್ನಿಯರಿನ (ಸೂಕ್ಷ್ಮ ಅಳತೆಯ ಸಾಧನದ) ಕೆಲಸ.

ಹಂತ 1: ಪ್ಲೇ ಎಲ್ಲಿದೆ ಎಂದು ಹುಡುಕುವುದು

ಚಕ್ರ ನೆಲದ ಮೇಲೇ ಇರಲಿ. ಒಬ್ಬರು ಸ್ಟಿಯರಿಂಗನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ಆಡಿಸಬೇಕು. ಇನ್ನೊಬ್ಬರು ಕೆಳಗೆ ಮಲಗಿ ಒಂದೊಂದೇ ಕೀಲಿಗೆ ಬೆರಳಿಡಬೇಕು, ಅರ್ಧ ಬೆರಳು ಆರ್ಮಿನ ಮೇಲೆ, ಅರ್ಧ ಜಾಯಿಂಟಿನ ಮೇಲೆ. ಎರಡೂ ಒಟ್ಟಿಗೆ ಚಲಿಸಿದರೆ ಕೀಲು ಸರಿ. ಒಂದು ಮೊದಲು, ಇನ್ನೊಂದು ಆಮೇಲೆ ಚಲಿಸಿದರೆ ಅಲ್ಲಿ ಸವೆತ.

ದೊಡ್ಡ ಇಕ್ಕಳದಲ್ಲಿ ಜಾಯಿಂಟನ್ನು ಮೇಲೆ ಕೆಳಗೆ ಒತ್ತಿ ನೋಡುವ ಅಭ್ಯಾಸ ಗ್ಯಾರೇಜುಗಳಲ್ಲಿ ಇದೆ. ಹಳೇ ಮಾದರಿಯ ಎಂಡುಗಳಲ್ಲಿ ಬಾಲಿನ ಕೆಳಗೆ ಸ್ಪ್ರಿಂಗ್ ಇರುತ್ತದೆ. ಒತ್ತಿದರೆ ಅದು ಕುಗ್ಗಲೇಬೇಕು. ಅದನ್ನು ಪ್ಲೇ ಎಂದುಕೊಂಡು ಒಳ್ಳೇ ಎಂಡುಗಳನ್ನು ಬಿಸಾಡಿದವರಿದ್ದಾರೆ. ಪಕ್ಕದ ಚಲನೆಯನ್ನೇ ನಂಬಬೇಕು.

ಕಿಂಗ್ ಪಿನ್ನಿನ (ಮುಂಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಅಚ್ಚಿನ) ಸವೆತವನ್ನು ಬೇರ್ಪಡಿಸಿ ನೋಡುವುದೂ ಮುಖ್ಯ. ಚಕ್ರ ಎತ್ತಿ, ಮೇಲೆ ಒಂದು ಕೈ ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಿ. ಅಲುಗಿದರೆ ಬ್ರೇಕ್ ಒತ್ತಿಸಿ ಮತ್ತೆ ನೋಡಿ. ಬ್ರೇಕ್ ಒತ್ತಿದಾಗ ನಿಂತರೆ ಅದು ವೀಲ್ ಬೇರಿಂಗ್, ನಿಲ್ಲದಿದ್ದರೆ ಕಿಂಗ್ ಪಿನ್. ಈ ಕಾರಿನಲ್ಲಿ ಕಿಂಗ್ ಪಿನ್ ಸರಿ ಇತ್ತು.

ಸಿಕ್ಕಿದ್ದು: ಎರಡೂ ಹೊರ ಎಂಡುಗಳು ಸವೆದಿವೆ, ಬಲದ್ದು ಹೆಚ್ಚು. ಸೆಂಟರ್ ರಾಡಿನ ಬಲಗಡೆ ಕೀಲು ಸಡಿಲ. ಐಡ್ಲರ್ ಆರ್ಮ್ ತನ್ನ ಪಿನ್ನಿನ ಮೇಲೆ ಮೇಲಕ್ಕೆ ಕೆಳಕ್ಕೆ ಆಡುತ್ತದೆ. ಒಳ ಎಂಡುಗಳು ಸುಮಾರು. ಡ್ರಾಪ್ ಆರ್ಮ್ ಅಲುಗುವ ಮೊದಲು ಸ್ಟಿಯರಿಂಗ್ ಚಕ್ರ 15 ಮಿಮೀ ತಿರುಗುತ್ತದೆ, ಅಷ್ಟು ಬಾಕ್ಸಿನದ್ದು. ಉಳಿದ 40 ಮಿಮೀ ಲಿಂಕೇಜಿನದ್ದು. ಹಾಗಾಗಿ ಬಾಕ್ಸಿನ ಅಡ್ಜಸ್ಟಿಂಗ್ ಸ್ಕ್ರೂವನ್ನು ಈ ಹಂತದಲ್ಲಿ ಮುಟ್ಟಲಿಲ್ಲ. ಲಿಂಕೇಜಿನ ಪ್ಲೇಯನ್ನು ಬಾಕ್ಸ್ ಬಿಗಿ ಮಾಡಿ ಮುಚ್ಚಿದರೆ ರೋಲರೂ ವರ್ಮೂ ಉಜ್ಜಿ ಹಾಳಾಗುತ್ತವೆ, ಮತ್ತೆ ಅವು ಸಿಗುವುದು ಎಂಡುಗಳಿಗಿಂತ ಕಷ್ಟ.

ಹಂತ 2: ಬಿಚ್ಚುವುದು

ಉಪ್ಪುಗಾಳಿಯ ಊರು. ಕುಂಬಳೆ, ಮಂಜೇಶ್ವರ ಕಡೆ ಓಡಿದ ಕಾರುಗಳಲ್ಲಿ ಟೈ ರಾಡಿನ ಥ್ರೆಡ್ ಕೊಳವೆಗೇ ಅಂಟಿಕೊಂಡಿರುತ್ತದೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಬೇಕು.

ಬಿಚ್ಚುವ ಮೊದಲು ಬರೆದಿಟ್ಟುಕೊಳ್ಳಬೇಕಾದದ್ದು ಎರಡು. ಒಂದು, ಪ್ರತಿ ಟೈ ರಾಡಿನ ಉದ್ದ, ಸ್ಟಡ್ಡಿನ (ಬಾಲಿನಿಂದ ಹೊರಟು ಆರ್ಮಿನಲ್ಲಿ ಕೂರುವ ಕಡ್ಡಿಯ) ನಡುವಿನಿಂದ ಸ್ಟಡ್ಡಿನ ನಡುವಿಗೆ. ಇನ್ನೊಂದು, ಪ್ರತಿ ಎಂಡಿನಲ್ಲಿ ಹೊರಗೆ ಕಾಣುವ ಥ್ರೆಡ್ ಎಷ್ಟು ಎಂಬುದು. ಈ ಕಾರಿನಲ್ಲಿ ಬಲದ ರಾಡ್ ಎಡದ್ದಕ್ಕಿಂತ 7 ಮಿಮೀ ಉದ್ದ ಬಂತು. ಹಿಂದೆ ಯಾರೋ ಒಂದೇ ಬದಿ ತಿರುಗಿಸಿ ಅಲೈನ್‌ಮೆಂಟ್ ಮಾಡಿದ ಗುರುತು ಅದು. ಇದರ ವಿಚಾರ ಹಂತ 7ರಲ್ಲಿ.

ಸ್ಪ್ಲಿಟ್ ಪಿನ್ ತೆಗೆದು, ಕ್ಯಾಸಲ್ ನಟ್ಟನ್ನು (ಪಿನ್ ತೂರಿಸಲು ತಲೆಯಲ್ಲಿ ಸೀಳುಗಳಿರುವ ನಟ್) ಸ್ಟಡ್ಡಿನ ತುದಿಗೆ ಸಮ ಆಗುವಷ್ಟು ಸಡಿಲಿಸಿ ಅಲ್ಲೇ ಬಿಡಿ. ಆಮೇಲೆ ಆರ್ಮಿನ ಕಣ್ಣಿಗೆ (ಸ್ಟಡ್ ಕೂರುವ ರಂಧ್ರಕ್ಕೆ) ಒಂದು ಬದಿಯಿಂದ ದಪ್ಪ ಸುತ್ತಿಗೆ ಆನಿಸಿ, ಎದುರು ಬದಿಯಿಂದ ಇನ್ನೊಂದು ಸುತ್ತಿಗೆಯಲ್ಲಿ ಹೊಡೆದರೆ ಟೇಪರ್, ಅಂದರೆ ಸ್ಟಡ್ಡಿನ ತುದಿಗೆ ಸಣ್ಣದಾಗುತ್ತಾ ಹೋಗುವ ಭಾಗ, ಬಿಟ್ಟುಕೊಡುತ್ತದೆ. ಬಿಡದಿದ್ದರೆ ಪುಲ್ಲರ್. ಫೋರ್ಕ್ ಹಾಕಿದರೆ ಬೂಟ್ (ಬಾಲ್ ಮುಚ್ಚುವ ರಬ್ಬರ್ ಚೀಲ) ಹರಿಯುತ್ತದೆ, ಬಿಸಾಡುವ ಎಂಡಿಗೆ ಮಾತ್ರ ಅದು ಸರಿ. ಸ್ಟಡ್ಡಿನ ತಲೆಗೆ ಹೊಡೆಯಬಾರದು. ಗ್ಯಾಸ್ ಹಚ್ಚಿ ಕಾಯಿಸುವುದಂತೂ ಬೇಡವೇ ಬೇಡ, ಸ್ಟಿಯರಿಂಗ್ ಆರ್ಮ್ ಹದ ಮಾಡಿದ ಫೋರ್ಜಿಂಗ್, ಕೆಂಪಗೆ ಕಾಯಿಸಿದರೆ ಹದ ಹೋಗುತ್ತದೆ.

ಪ್ರತಿ ರಾಡಿನ ಒಂದು ಎಂಡಿಗೆ ಬಲಮರೆ (ಬಲಕ್ಕೆ ತಿರುಗಿಸಿದರೆ ಬಿಗಿಯುವ ಥ್ರೆಡ್), ಇನ್ನೊಂದಕ್ಕೆ ಎಡಮರೆ. ಬಿಚ್ಚಿದ ಕೂಡಲೇ ಪೈಂಟಿನಲ್ಲಿ ಗುರುತು ಹಾಕಿ.

ಹಂತ 3: ಹಳೇ ಭಾಗದ ಅಳತೆ

ಬೇರೆ ತಯಾರಕರ ಎಂಡ್ ತರಿಸುವ ಮೊದಲು ಹಳೆಯದರ ನಾಲ್ಕು ಅಳತೆ ಕೈಯಲ್ಲಿ ಇರಬೇಕು.

ಮೊದಲನೆಯದು ಟೇಪರ್. ಆರ್ಮಿನ ಕಣ್ಣಿನಲ್ಲಿ ಕೂರುವ ಭಾಗದ ದಪ್ಪ ಕಡೆಯ ವ್ಯಾಸ, ಸಣ್ಣ ಕಡೆಯ ವ್ಯಾಸ, ನಡುವಿನ ದೂರ. ಇಲ್ಲಿ ಬಂದದ್ದು 14.0, 12.4, ದೂರ 16 ಮಿಮೀ. ವ್ಯತ್ಯಾಸ 1.6, ಅಂದರೆ 10ಕ್ಕೆ 1. ಮೆಟ್ರಿಕ್ ಪದ್ಧತಿಯ ಕಾರುಗಳಲ್ಲಿ ಹೆಚ್ಚಾಗಿ ಕಾಣುವ ಟೇಪರ್ ಇದು. ಅಮೆರಿಕನ್ ಮೂಲದ ಗಾಡಿಗಳಲ್ಲಿ ಒಂದು ಅಡಿಗೆ ಒಂದೂವರೆ ಇಂಚು, ಅಂದರೆ 8ಕ್ಕೆ 1. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ.

ಎರಡನೆಯದು ಕೊಳವೆಯೊಳಗೆ ಹೋಗುವ ಥ್ರೆಡ್. ಇಲ್ಲಿ 14 ಮಿಮೀ, ಪಿಚ್ (ಒಂದು ಎಳೆಯಿಂದ ಮುಂದಿನ ಎಳೆಗೆ ದೂರ) 1.5. ಇದಕ್ಕೆ ಹತ್ತಿರದ ಮೋಸಗಾರ ಎಂದರೆ 9/16 ಇಂಚು, 18 ಥ್ರೆಡ್ಡಿನದ್ದು: ವ್ಯಾಸ 14.29, ಪಿಚ್ 1.41. ಸವೆದ ಕೊಳವೆಗೆ ಅದು ಕೆಲವು ಸುತ್ತು ಹೋಗಿ ಆಮೇಲೆ ಬಿಗಿಯುತ್ತದೆ. ತುಕ್ಕು ಇರಬೇಕು ಎಂದುಕೊಂಡು ಸ್ಪ್ಯಾನರ್ ಹಾಕಿ ಎಳೆದರೆ ಕೊಳವೆಯ ಥ್ರೆಡ್ಡೂ ಹೋಯಿತು. ಕೈಯಲ್ಲೇ ಪೂರ್ತಿ ಹೋಗದ ಎಂಡನ್ನು ಒಳಗೆ ಬಿಡಬೇಡಿ, ಪಿಚ್ ಗೇಜ್ ಹಿಡಿಯಿರಿ.

ಮೂರನೆಯದು ಸ್ಟಡ್ಡಿನ ತುದಿಯ ಥ್ರೆಡ್. ಇಲ್ಲಿ 12 ಮಿಮೀ, ಪಿಚ್ 1.25. ಎಲ್ಲಕ್ಕಿಂತ ಅಪಾಯದ ಜಾಗ ಇದೇ. ಅರ್ಧ ಇಂಚಿನ 20 ಥ್ರೆಡ್ ನಟ್ಟಿನ ಪಿಚ್ 1.27. 12 ಮಿಮೀ ಸ್ಟಡ್ಡಿಗೆ ಅದು ಸಲೀಸಾಗಿ ಏರುತ್ತದೆ, ಕೂತ ಹಾಗೂ ಕಾಣುತ್ತದೆ. ಆದರೆ ಥ್ರೆಡ್ಡಿನ ತುದಿ ತುದಿ ಮಾತ್ರ ಹಿಡಿದಿರುತ್ತದೆ, ಬಿಗಿ ಮಾಡುವಾಗಲೋ ಗುಂಡಿಗೆ ಬಿದ್ದಾಗಲೋ ಕಿತ್ತು ಬರುತ್ತದೆ. ಅಂಗಡಿಯವರು ಡಬ್ಬದಲ್ಲಿ ನಟ್ ಇಲ್ಲದಿದ್ದರೆ ಡ್ರಾಯರಿನಿಂದ ಒಂದು ತೆಗೆದು ಕೊಡುತ್ತಾರೆ. ಹಾಗೆ ಕೊಟ್ಟ ನಟ್ಟನ್ನು ಸ್ಟಡ್ಡಿನ ಮೇಲೆ ಅರ್ಧ ಏರಿಸಿ ಅಡ್ಡಡ್ಡ ಅಲ್ಲಾಡಿಸಿ ನೋಡಿ. ಕಟಕಟ ಎಂದರೆ ಬೇಡ.

ನಾಲ್ಕನೆಯದನ್ನು ಹೆಚ್ಚಿನವರು ಅಳೆಯುವುದೇ ಇಲ್ಲ: ಟೇಪರಿನ ದಪ್ಪ ಕಡೆಯಿಂದ ಬಾಲಿನ ನಡುವಿನ ತನಕ ಇರುವ ಎತ್ತರ. ಬಾಲ್ ಒಳಗಿರುವುದರಿಂದ ನೇರ ಅಳೆಯಲು ಆಗದು. ಎಂಡಿನ ಕಡ್ಡಿಯ ನಡುಗೆರೆ ಬಾಲಿನ ನಡುವಿನಲ್ಲೇ ಹಾದುಹೋಗುವ ಮಾದರಿಯಾದರೆ, ಆ ಗೆರೆಯಿಂದ ಟೇಪರಿನ ಬುಡಕ್ಕೆ ಅಳೆದರೆ ಸಾಕು. ಹಳೆಯದು 22 ಮಿಮೀ.

ಈ ಅಂಕಿಗಳು ಈ ಕಾರಿನವು. ಇಷ್ಟು ವರ್ಷ ಓಡಿದ ಕಾರಿನಲ್ಲಿ ನಡುವೆ ಯಾರು ಏನು ಬದಲಿಸಿದ್ದಾರೋ ಗೊತ್ತಾಗದು. ನಿಮ್ಮ ಕಾರನ್ನು ನೀವೇ ಅಳೆಯಿರಿ.

ಹಂತ 4: ಮೊದಲ ಸೆಟ್, ವಾಪಸ್

ನಗರದ ಅಂಗಡಿಯಿಂದ ಬಂದ ನಾಲ್ಕು ಎಂಡ್. ಥ್ರೆಡ್ ಎರಡೂ ಸರಿ, ಎತ್ತರ ಸರಿ. ಟೇಪರ್ 14.3ರಿಂದ 12.3, ದೂರ 16. ಅಂದರೆ 8ಕ್ಕೆ 1.

ವರ್ನಿಯರ್ ತಪ್ಪಿರಬಹುದು ಎಂದು ನೀಲಿ ಪರೀಕ್ಷೆಯೂ ಆಯಿತು. ಸ್ಟಡ್ಡಿಗೆ ಮಾರ್ಕಿಂಗ್ ಬ್ಲೂ ತೆಳುವಾಗಿ ಸವರಿ, ಸ್ಟಿಯರಿಂಗ್ ಆರ್ಮಿನ ಕಣ್ಣಿಗೆ ಒತ್ತಿ, ಕಾಲು ಸುತ್ತು ತಿರುಗಿಸಿ ತೆಗೆದರೆ ಬಣ್ಣ ಉಜ್ಜಿಹೋದ ಜಾಗವೇ ತಾಗುವ ಜಾಗ. ದಪ್ಪ ಕಡೆಯಲ್ಲಿ ಸುಮಾರು 3 ಮಿಮೀ ಅಗಲದ ಒಂದು ಬಳೆ ಮಾತ್ರ ಉಜ್ಜಿತ್ತು, ಕೆಳಗೆಲ್ಲ ನೀಲಿ ಹಾಗೇ ಇತ್ತು. ಹಳೇ ಎಂಡನ್ನು ಹೀಗೇ ನೋಡಿದಾಗ ಉದ್ದಕ್ಕೂ ಉಜ್ಜಿ ಬಂತು. ಬಣ್ಣ ಸಿಗದಿದ್ದರೆ ಮಾರ್ಕರ್ ಪೆನ್ನಿನಲ್ಲಿ ಉದ್ದಕ್ಕೆ ನಾಲ್ಕು ಗೆರೆ ಎಳೆದರೂ ನಡೆಯುತ್ತದೆ.

ಬಳೆಯಷ್ಟೇ ತಾಗುವ ಸ್ಟಡ್ ನಟ್ ಬಿಗಿದಾಗ ಗಟ್ಟಿಯಾಗಿ ಕೂತಂತೆ ಕಾಣುತ್ತದೆ. ಓಡುವಾಗ ಸಣ್ಣ ಕಡೆ ಕಣ್ಣಿನೊಳಗೆ ಅಲುಗುತ್ತಾ, ಕಣ್ಣನ್ನು ಅಗಲ ಮಾಡುತ್ತಾ, ಕೊನೆಗೆ ಥ್ರೆಡ್ಡಿನ ಬುಡದಲ್ಲಿ ತುಂಡಾಗುತ್ತದೆ.

ಲೇತಿನವರು ಕೊಡುವ ಸಲಹೆ ಒಂದಿದೆ: ಆರ್ಮಿನ ಕಣ್ಣನ್ನೇ 8ಕ್ಕೆ 1ರ ರೀಮರಿನಲ್ಲಿ (ರಂಧ್ರ ಹಿಗ್ಗಿಸುವ ಸಾಧನದಲ್ಲಿ) ತಿರುಗಿಸಿಬಿಡುವುದು. ಇದನ್ನು ಮಾಡಬೇಡಿ. ಎಂಡ್ ಸವೆಯುವ ಭಾಗ, ಮತ್ತೆ ಮತ್ತೆ ಬದಲಾಗುತ್ತದೆ. ಆರ್ಮ್ ಕಾರಿನ ಜೊತೆ ಉಳಿಯುವ ಭಾಗ. ಕಣ್ಣು ತಿರುಗಿಸಿದ ಮೇಲೆ ಸರಿಯಾದ ಎಂಡ್ ಯಾವತ್ತೂ ಕೂರದು. ಆರ್ಮಿಗೆ ತಕ್ಕ ಎಂಡ್ ಹುಡುಕುವುದು ತಡವಾದರೂ ಅದೇ ದಾರಿ. ಟೇಪರ್ ಸರಿ ಇದ್ದು ವ್ಯಾಸ ಕಡಿಮೆ ಇದ್ದರೆ ಸ್ಟಡ್ ಒಳಗೆ ಹೆಚ್ಚು ಇಳಿದು, ಟೇಪರ್ ಬಿಗಿಯುವ ಮೊದಲೇ ನಟ್ಟಿನ ಥ್ರೆಡ್ ಮುಗಿಯುತ್ತದೆ. ಆಗ ವಾಷರ್ ಹಾಕಿ ಸರಿಪಡಿಸುವುದೂ ತಪ್ಪು, ಆ ಎಂಡೇ ಈ ಕಾರಿನದ್ದಲ್ಲ.

ಹಂತ 5: ಎರಡನೇ ಸೆಟ್, ಅರ್ಧ ಜೋಡಣೆ

ಕೊಯಮತ್ತೂರು ಕಡೆಯಿಂದ ಕೊರಿಯರಿನಲ್ಲಿ ಬಂದ ಮಾಲು. ಟೇಪರ್ 10ಕ್ಕೆ 1, ನೀಲಿ ಪರೀಕ್ಷೆಯಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ತಾಗಿತು. ಥ್ರೆಡ್ ಸರಿ. ಜೊತೆ ಬಂದ ನಟ್ಟುಗಳಲ್ಲಿ ಒಂದು ಅರ್ಧ ಇಂಚಿನದ್ದು, ಬದಲಿಸಲಾಯಿತು. ಬಾಲಿನ ಎತ್ತರ ಮಾತ್ರ 26 ಮಿಮೀ, ಹಳೆಯದಕ್ಕಿಂತ 4 ಹೆಚ್ಚು.

ಸವೆದಿದ್ದವು ಹೊರ ಎಂಡುಗಳಾದ್ದರಿಂದ ಮೊದಲು ಅವೆರಡನ್ನೇ ಹಾಕಿ, ಒಳಗಿನವನ್ನು ಹಳೆಯದೇ ಇಟ್ಟು ನೋಡಿದ್ದಾಯಿತು. ಕೂತಿತು, ಪ್ಲೇ ಹೋಯಿತು. ಆದರೆ 4 ಮಿಮೀ ಎತ್ತರ ಏನು ಮಾಡುತ್ತದೆ ಎಂದು ಅಳೆಯದೆ ರಸ್ತೆಗೆ ಇಳಿಸುವ ಹಾಗಿಲ್ಲ.

ಅಳೆದ ಬಗೆ: ಎರಡೂ ಮುಂಚಕ್ರಗಳ ಕೆಳಗೆ ಗ್ರೀಸ್ ಸವರಿದ ಎರಡೆರಡು ತಗಡು, ಚಕ್ರ ತಾನಾಗಿ ಜಾರುವಂತೆ. ಸ್ಟಿಯರಿಂಗ್ ನೇರ ಇಟ್ಟು ಹಗ್ಗದಲ್ಲಿ ಬಿಗಿದು ಕಟ್ಟುವುದು. ಹಬ್ಬಿನ ಮಟ್ಟದಲ್ಲಿ ರಿಮ್ಮಿನ ಮುಂಭಾಗದ ಅಂತರ, ಹಿಂಭಾಗದ ಅಂತರ ಅಳೆಯುವುದು. ಕ್ರಾಸ್ ಮೆಂಬರಿನ ನಡುವೆ ಜ್ಯಾಕ್ ಕೊಟ್ಟು ಬಾಡಿಯನ್ನು 40 ಮಿಮೀ ಎತ್ತಿ, ಚಕ್ರ ನೆಲ ಬಿಡದಂತೆ ನೋಡಿಕೊಂಡು, ಮತ್ತೆ ಅಳೆಯುವುದು.

ಹಳೇ ಎಂಡುಗಳಲ್ಲಿ ಈ 40 ಮಿಮೀಗೆ ಟೋ (ಮುಂಭಾಗ, ಹಿಂಭಾಗದ ಅಂತರಗಳ ವ್ಯತ್ಯಾಸ) 2 ಮಿಮೀ ಬದಲಾಗಿತ್ತು. ಹೊರ ಎಂಡ್ ಮಾತ್ರ ಹೊಸದು ಹಾಕಿದಾಗ 5 ಮಿಮೀ.

ಕಾರಣ ಸರಳ. ಟೈ ರಾಡಿನ ಒಂದು ತುದಿ 4 ಮಿಮೀ ಇಳಿದರೆ ರಾಡಿನ ಓರೆ ಬದಲಾಗುತ್ತದೆ. ಚಕ್ರ ಮೇಲೆ ಕೆಳಗೆ ಹೋದಾಗ ರಾಡ್ ಅದನ್ನು ಎಳೆಯುತ್ತದೆ, ತಳ್ಳುತ್ತದೆ. ಚೆರ್ಕಳ-ಜಾಲ್ಸೂರು ರಸ್ತೆಯಂಥ ಏರಿಳಿತದ ದಾರಿಯಲ್ಲಿ ಸ್ಟಿಯರಿಂಗ್ ತಿರುಗಿಸದೆಯೇ ಕಾರು ದಿಕ್ಕು ಬದಲಿಸುತ್ತದೆ. ಎಲ್ಲ ಕೀಲೂ ಹೊಸದಾದ ಮೇಲೂ ಕಾರು ಅಲೆಯುತ್ತದೆ ಎಂಬ ದೂರಿನಲ್ಲಿ ಇದನ್ನೂ ಒಮ್ಮೆ ಅಳೆದು ನೋಡಬೇಕು.

ಹಂತ 6: ನಾಲ್ಕೂ ಒಂದೇ ಕಡೆಯದು; ಸೆಂಟರ್ ರಾಡ್, ಐಡ್ಲರ್

ಒಳ ಎಂಡುಗಳನ್ನೂ ಎರಡನೇ ಸೆಟ್ಟಿನವೇ ಹಾಕಿ ಅದೇ ಪರೀಕ್ಷೆ ಮಾಡಿದಾಗ ಮತ್ತೆ 2 ಮಿಮೀ. ರಾಡಿನ ಎರಡೂ ತುದಿ 4 ಮಿಮೀ ಇಳಿದದ್ದರಿಂದ ಓರೆ ಮೊದಲಿನಂತೆಯೇ ಉಳಿಯಿತು. ಎರಡೂ ಕೊನೆಯ ಸ್ಟಡ್ ಒಂದೇ ದಿಕ್ಕಿಗೆ ಇದ್ದರೆ ಮಾತ್ರ ಈ ಲೆಕ್ಕ ಸರಿ. ಒಂದು ಮೇಲ್ಮುಖ, ಒಂದು ಕೆಳಮುಖ ಇದ್ದರೆ ವ್ಯತ್ಯಾಸ ಇಮ್ಮಡಿಯಾಗುತ್ತದೆ. ಒಂದು ರಾಡಿನಲ್ಲಿ ಇಬ್ಬರು ತಯಾರಕರ ಎಂಡ್ ಬೆರೆಸುವುದಾದರೆ ಎತ್ತರ ಒಂದೇ ಎಂದು ಅಳೆದ ಮೇಲೆಯೇ ಆಗಬೇಕು. ಇಳಿದ 4 ಮಿಮೀಯಿಂದ ರಾಡ್ ಎಲ್ಲಿಯೂ ತಾಗುವುದಿಲ್ಲ ಎಂದು ಎರಡೂ ಕೊನೆಗೆ ಸ್ಟಿಯರಿಂಗ್ ತಿರುಗಿಸಿ ನೋಡಿದ್ದಾಯಿತು.

ಸೆಂಟರ್ ರಾಡ್ ಹೊಸ ತಯಾರಿಯದ್ದು ಸಿಗಲಿಲ್ಲ. ಸಿಕ್ಕಿದ್ದು ಹಳೇ ಸ್ಟಾಕ್, ಮೇಣದ ಕಾಗದದಲ್ಲಿ ಸುತ್ತಿದ್ದು. ಲೋಹ ಹೊಸದರಂತಿದೆ, ರಬ್ಬರ್ ಅಲ್ಲ. ಬೂಟನ್ನು ಬೆರಳಲ್ಲಿ ಮಡಚಿದರೆ ಮಡಿಕೆಯಲ್ಲಿ ಬಿರುಕು ಬಿಡುತ್ತದೆ, ಒಳಗಿನ ಗ್ರೀಸ್ ಗಟ್ಟಿ ಮೇಣವಾಗಿದೆ. ನಿಪ್ಪಲ್ ಇರುವ ಮಾದರಿಯಾದ್ದರಿಂದ ಬೂಟ್ ಕಿತ್ತು, ಹೊಸ ಗ್ರೀಸ್ ಒತ್ತಿ ಹಳೆಯದು ಪೂರ್ತಿ ಹೊರಬರುವ ತನಕ ಬಾಲನ್ನು ಆಡಿಸಿದ್ದಾಯಿತು. ಮೊದಲು ಕಂದು ಉಂಡೆ, ಆಮೇಲೆ ಮಿಶ್ರ, ಕೊನೆಗೆ ಶುದ್ಧ ಗ್ರೀಸ್. ಬೂಟುಗಳು ಎರಡನೇ ಸೆಟ್ಟಿನ ತಯಾರಕರದ್ದೇ, ಬಿಡಿಯಾಗಿ ತರಿಸಿದ್ದು. ಬುಡದ ಬಾಯಿ 2 ಮಿಮೀ ದೊಡ್ಡದಿತ್ತು, ಸ್ಪ್ರಿಂಗ್ ರಿಂಗ್ ಹಾಕಿ ಹಿಡಿಸಲಾಯಿತು. ಇಲ್ಲಿನ ಮಳೆಗಾಲಕ್ಕೆ ಬೂಟ್ ಕೆಟ್ಟರೆ ಮುರಕಲ್ಲಿನ ಕೆಂಪು ರಾಡಿ ಒಳಗೆ ಹೋಗಿ ಒಂದೇ ಮಳೆಗಾಲದಲ್ಲಿ ಬಾಲನ್ನು ಅರೆದು ಬಿಡುತ್ತದೆ. ಉಗುರು ಒತ್ತಿದರೆ ಗುರುತು ಉಳಿಯುವ ಪ್ಲಾಸ್ಟಿಕ್ ಥರದ ಬೂಟ್ ಬೇಡ, ಒತ್ತಿದ ಕೂಡಲೇ ಮೊದಲಿನಂತಾಗುವ ರಬ್ಬರ್ ಬೇಕು.

ಐಡ್ಲರ್ ಪಿನ್ ಸವೆಯದ ಭಾಗಕ್ಕಿಂತ 0.18 ಮಿಮೀ ಸಣ್ಣದಾಗಿತ್ತು. ಪಿನ್, ಕಂಚಿನ ಬುಷ್ ಎರಡೂ ಲೇತಿನಲ್ಲಿ ಹೊಸದು. ಬುಷ್ಷನ್ನು ಒತ್ತಿ ಕೂರಿಸಿದ ಮೇಲೆ ಅದರ ರಂಧ್ರ 0.04 ಕುಗ್ಗಿತು, ಇದು ಆಗುವುದೇ. ಹಾಗಾಗಿ ಲೇತಿನಲ್ಲೇ ಅಂತಿಮ ಅಳತೆಗೆ ತಿರುಗಿಸದೆ, ಕೂರಿಸಿದ ಮೇಲೆ ರೀಮರ್ ಹಾಕಿ 0.04 ಸಡಿಲ ಬಿಡಲಾಯಿತು. ಬಿಗಿ ಬಿಟ್ಟರೆ ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ವಾಪಸ್ ಬರುವುದಿಲ್ಲ. ಆರ್ಮ್ ತನ್ನ ಭಾರಕ್ಕೆ ನಿಧಾನ ಇಳಿಯಬೇಕು.

ಕ್ಯಾಸಲ್ ನಟ್ಟುಗಳಿಗೆ ಇಲ್ಲಿ ಕೊಟ್ಟದ್ದು 4 ಕೆಜಿ-ಮೀಟರ್. ಪಿನ್ನಿನ ರಂಧ್ರ ನೇರ ಬಾರದಿದ್ದರೆ ಮುಂದಿನ ಸೀಳಿಗೆ ಬಿಗಿ ಮಾಡಬೇಕು, ಹಿಂದಕ್ಕೆ ಸಡಿಲಿಸಬಾರದು. ಸ್ಪ್ಲಿಟ್ ಪಿನ್ ಪ್ರತಿ ಸಲ ಹೊಸದು.

ಹಂತ 7: ಉದ್ದ, ನಡು, ಟೋ

ವರ್ಮ್-ರೋಲರ್ ಬಾಕ್ಸಿನಲ್ಲಿ ಪ್ಲೇ ಅತಿ ಕಡಿಮೆ ಇರುವುದು ಸರಿಯಾಗಿ ನಡುವಿನಲ್ಲಿ, ನೇರ ಓಡುವಾಗ ರೋಲರ್ ಅಲ್ಲೇ ಇರಬೇಕು. ರಾಡುಗಳ ಉದ್ದ ಏರುಪೇರಾದರೆ ಕಾರು ನೇರ ಹೋಗುವಾಗ ಬಾಕ್ಸ್ ನಡುವಿನಿಂದ ಸರಿದಿರುತ್ತದೆ, ಇಲ್ಲದ ಪ್ಲೇ ಕಾಣಿಸುತ್ತದೆ. ಆ 7 ಮಿಮೀ ಮಾಡಿದ್ದು ಇದನ್ನೇ.

ಸ್ಟಿಯರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಎಷ್ಟು ಸುತ್ತು ಎಂದು ಎಣಿಸಿ, ಅರ್ಧಕ್ಕೆ ತಂದು ಕಟ್ಟಿ, ಎರಡೂ ರಾಡನ್ನು ಸಮ ಉದ್ದಕ್ಕೆ ಇಟ್ಟು ಜೋಡಿಸಿದ್ದಾಯಿತು. ಪ್ರತಿ ಎಂಡ್ ಕೊಳವೆಯೊಳಗೆ ಕನಿಷ್ಠ 20 ಮಿಮೀ ಇರಬೇಕು, ಎರಡು ಎಂಡಿನಲ್ಲೂ ಹೊರಗೆ ಕಾಣುವ ಥ್ರೆಡ್ ಸಮ ಇರಬೇಕು. ಕ್ಲ್ಯಾಂಪಿನ ಬಾಯಿ ಕೊಳವೆಯ ಸೀಳಿನ ಮೇಲೆ ಬರಬೇಕು, ಇಲ್ಲದಿದ್ದರೆ ಬೋಲ್ಟ್ ಬಿಗಿದರೂ ಕೊಳವೆ ಹಿಡಿಯದು. ಕ್ಲ್ಯಾಂಪ್ ಬಿಗಿಯುವ ಮೊದಲು ಎರಡೂ ಎಂಡುಗಳನ್ನು ಒಂದೇ ಕಡೆ ವಾಲಿಸಿ ಅವುಗಳ ಓರೆ ಹೊಂದಿಸಿದರೆ ಬಾಲ್ ಮಧ್ಯದಲ್ಲಿ ಕೂರುತ್ತದೆ.

ಟೋ-ಇನ್ (ಮುಂಭಾಗದ ಅಂತರ ಹಿಂಭಾಗದ್ದಕ್ಕಿಂತ ಕಡಿಮೆ ಇರುವುದು) 2 ಮಿಮೀಗೆ ದಾರ ಕಟ್ಟಿ ಇಟ್ಟು, ಆಮೇಲೆ ಕಂಪ್ಯೂಟರ್ ಅಲೈನ್‌ಮೆಂಟ್. ಅಂಗಡಿಯಲ್ಲಿ ಮೊದಲೇ ಹೇಳಬೇಕಾದ ಮಾತು: ಎರಡೂ ಬದಿಯನ್ನು ಸಮ ತಿರುಗಿಸಬೇಕು, ಸ್ಟಿಯರಿಂಗ್ ಚಕ್ರ ಓರೆ ಕಂಡರೆ ಚಕ್ರವನ್ನೇ ಬಿಚ್ಚಿ ಹಾಕಬೇಕು, ರಾಡಿನಲ್ಲಿ ಸರಿಪಡಿಸಬಾರದು. ಯಂತ್ರದ ಪಟ್ಟಿಯಲ್ಲಿ ಪದ್ಮಿನಿ ಇಲ್ಲದಿದ್ದರೆ ಟೋ ಅಂಕಿಯನ್ನು ಕೈಯಲ್ಲಿ ಕೊಡಿಸಿ.

ಹಂತ 8: ರಸ್ತೆ, ಮತ್ತೆ ಬಿಗಿ

ಸ್ಟಿಯರಿಂಗ್ ಅಂಚಿನ ಪ್ಲೇ 55ರಿಂದ 14 ಮಿಮೀಗೆ ಬಂತು. ಬಾಕ್ಸಿನ ಸ್ಕ್ರೂ ಮುಟ್ಟಿಲ್ಲ, ಮುಟ್ಟಬೇಕಾಗಿಯೂ ಇಲ್ಲ. ಚೆರ್ಕಳದಿಂದ ಮುಳ್ಳೇರಿಯ ತನಕ 60ರ ವೇಗದಲ್ಲಿ ಅಲೆತ ಇಲ್ಲ, ಗುಂಡಿ ದಾಟುವಾಗ ಎಳೆತ ಇಲ್ಲ.

100 ಕಿಮೀ ಆದ ಮೇಲೆ ಎಲ್ಲ ಸ್ಪ್ಲಿಟ್ ಪಿನ್ ತೆಗೆದು ನಟ್ ನೋಡಿದಾಗ ಎಡ ಹೊರ ಎಂಡ್ ಒಂದು ಸೀಳಿನಷ್ಟು ತೆಗೆದುಕೊಂಡಿತು, ಉಳಿದವು ಹಾಗೇ ಇದ್ದವು. ಹೊಸ ಟೇಪರ್ ಮೊದಲ ಓಟದಲ್ಲಿ ಇನ್ನೊಂದಿಷ್ಟು ಕೂರುವುದು ಸಹಜ, ಈ ತಪಾಸಣೆ ಬಿಡುವಂತಿಲ್ಲ. 500 ಕಿಮೀಗೆ ಮತ್ತೊಮ್ಮೆ ನೋಡಿದಾಗ ಯಾವುದೂ ಸರಿದಿರಲಿಲ್ಲ, ಬೂಟುಗಳ ಹೊರಗೆ ಗ್ರೀಸ್ ಇರಲಿಲ್ಲ.

ಖರ್ಚು: ಟೈ ರಾಡ್ ಎಂಡ್ ನಾಲ್ಕು ₹2,400. ಸೆಂಟರ್ ರಾಡ್, ಹಳೇ ಸ್ಟಾಕ್ ₹2,800. ಐಡ್ಲರ್ ಪಿನ್, ಬುಷ್, ಲೇತ್ ಕೂಲಿ ₹650. ನಟ್, ಸ್ಪ್ಲಿಟ್ ಪಿನ್ ₹180. ಬಿಡಿ ಬೂಟ್, ಗ್ರೀಸ್, ಮಾರ್ಕಿಂಗ್ ಬ್ಲೂ ₹250. ಕೊರಿಯರ್ ₹320. ಅಲೈನ್‌ಮೆಂಟ್ ₹500. ಒಟ್ಟು ₹7,100. ಮೊದಲ ಸೆಟ್ಟಿನ ದುಡ್ಡು ಅಂಗಡಿಯವರು ವಾಪಸ್ ಕೊಟ್ಟರು; ಎಂಡುಗಳಿಗೆ ನೀಲಿ ಬಿಟ್ಟರೆ ಬೇರೇನೂ ತಾಗಿಸದೆ ಇಟ್ಟದ್ದರಿಂದ ಅದು ಸಾಧ್ಯವಾಯಿತು.

ತೆಗೆದ ಒಳ ಎಂಡುಗಳು ಇನ್ನೂ ಓಡುವಂಥವು. ‘22 ಮಿಮೀ, 10ಕ್ಕೆ 1’ ಎಂದು ತಗಡಿನ ಚೀಟಿ ಕಟ್ಟಿ, ಗ್ರೀಸ್ ಸವರಿ ಎತ್ತಿಟ್ಟಿದೆ. ಎತ್ತರ ಬೇರೆಯಾದ್ದರಿಂದ ಈಗಿನ ರಾಡಿಗೆ ಅವುಗಳನ್ನು ಒಂಟಿಯಾಗಿ ಹಾಕುವ ಹಾಗಿಲ್ಲ, 22ರದ್ದೇ ಇನ್ನೊಂದು ಜೋಡಿ ಸಿಕ್ಕರೆ ಮಾತ್ರ ಬಳಕೆಗೆ ಬರುತ್ತವೆ.